ಕೆಟ್ಟವಳೊಬ್ಬಳು ಬೇಕಾಗಿದ್ದ ಊರು

(ಟೋನಿ ಮಾರಿಸನ್ ಅವರ ‘ಸೂಲಾ’ ಕಾದಂಬರಿಯನ್ನು ಕುರಿತ ಉಪನ್ಯಾಸದ ಬರಹ ರೂಪ)

ಊರಿನಲ್ಲಿ ಒಂದು ಸಾವಾದರೆ ಜನ ಏನು ಮಾಡುತ್ತಾರೆ? ಕೈಯಲ್ಲಿದ್ದ ಕೆಲಸ ಬಿಟ್ಟು ಸತ್ತವರ ಮನೆಗೆ ಹೋಗುತ್ತಾರೆ. ನೆರೆಯವರು ಅಡುಗೆ ಮಾಡಿ ತಂದುಕೊಡುತ್ತಾರೆ. ಬದುಕಿದ್ದಾಗ ಮುಖ ಕೊಟ್ಟು ಮಾತನಾಡದವರೂ ಅಂದು ಒಂದು ಒಳ್ಳೆಯ ಮಾತು ಹುಡುಕಿ ಆಡುತ್ತಾರೆ. ಸಾವಿನ ಎದುರು ಸಣ್ಣತನ ಸಲ್ಲದು ಎಂಬ ತಿಳಿವಳಿಕೆ ಎಲ್ಲ ಸೀಮೆಗಳಲ್ಲೂ ಇದೆ.

ಆದರೆ ಒಂದು ಊರಿನಲ್ಲಿ ಹಾಗಾಗಲಿಲ್ಲ. 1940ರಲ್ಲಿ, ಅಮೆರಿಕದ ಓಹಯೋ ರಾಜ್ಯದ ಮೆಡಾಲಿಯನ್ ಎಂಬ ಪಟ್ಟಣದಲ್ಲಿ, ಗುಡ್ಡದ ಮೇಲಿನ ಕಪ್ಪು ಜನರ ಕೇರಿಯಲ್ಲಿ, ಸೂಲಾ ಪೀಸ್ ಎಂಬ ಮೂವತ್ತು ವರ್ಷದ ಹೆಂಗಸು ತನ್ನ ಅಜ್ಜಿಯ ಕೋಣೆಯಲ್ಲಿ ಒಬ್ಬಳೇ ಮಲಗಿದ್ದು ಸತ್ತಳು. ಹೆಣಕ್ಕೆ ಸ್ನಾನ ಮಾಡಿಸಲು ಕೇರಿಯ ಹೆಂಗಸರು ಬರಲಿಲ್ಲ. ಯಾರ ಮನೆಯಿಂದಲೂ ಅಡುಗೆ ಬರಲಿಲ್ಲ. ಶವವನ್ನು ಬಿಳಿಯರು ಒಯ್ದರು, ಬಿಳಿಯರೇ ಮಣ್ಣು ಮಾಡಿದರು. ಕೇರಿಯವರಿಗೆ ಅದು ಬಹಳ ದಿನಗಳ ಮೇಲೆ ಬಂದ ಶುಭಸುದ್ದಿ. ಕೆಲವರು ಸ್ಮಶಾನದವರೆಗೆ ಹೋದರು, ನಿಜ. ಅದು ದುಃಖಕ್ಕಲ್ಲ, ಒಬ್ಬ ಮಾಟಗಾತಿ ಮಣ್ಣಿಗೆ ಹೋದದ್ದನ್ನು ಕಣ್ಣಾರೆ ಕಂಡು ಖಾತರಿ ಮಾಡಿಕೊಳ್ಳಲು.

ಈ ಊರು ಭೂಪಟದಲ್ಲಿಲ್ಲ. ಇದು ಟೋನಿ ಮಾರಿಸನ್ 1973ರಲ್ಲಿ ಪ್ರಕಟಿಸಿದ ‘ಸೂಲಾ’ ಕಾದಂಬರಿಯ ಊರು. ಮಾರಿಸನ್ ಹುಟ್ಟಿದ್ದು 1931ರಲ್ಲಿ, ಅದೇ ಓಹಯೋ ರಾಜ್ಯದ ಲೊರೇನ್ ಎಂಬ ಕಾರ್ಖಾನೆಗಳ ಊರಿನಲ್ಲಿ. ‘ಸೂಲಾ’ ಬರೆಯುವಾಗ ಅವರು ನ್ಯೂಯಾರ್ಕಿನ ಪ್ರಕಾಶನ ಸಂಸ್ಥೆಯೊಂದರಲ್ಲಿ ಸಂಪಾದಕಿ. ಇಬ್ಬರು ಗಂಡು ಮಕ್ಕಳನ್ನು ಒಬ್ಬರೇ ಸಾಕುತ್ತಿದ್ದ ತಾಯಿ. 1993ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಆ ಸಾಹಿತ್ಯ ಪ್ರಶಸ್ತಿ ಪಡೆದ ಮೊದಲ ಕಪ್ಪು ಮಹಿಳೆ ಅವರು. 2019ರಲ್ಲಿ ತೀರಿಕೊಂಡರು. ಅವರ ಕಾದಂಬರಿಗಳಲ್ಲಿ ‘ಬಿಲವೆಡ್’ ಹೆಚ್ಚು ಹೆಸರಾದದ್ದು. ‘ಸೂಲಾ’ ಅದಕ್ಕಿಂತ ಚಿಕ್ಕದು. ಆದರೆ ಸಮಾಜವೊಂದು ತನ್ನ ‘ಕೆಟ್ಟ ಹೆಣ್ಣ’ನ್ನು ಹೇಗೆ ತಯಾರು ಮಾಡಿಕೊಳ್ಳುತ್ತದೆ, ಅವಳಿಂದ ಏನೇನು ಲಾಭ ಪಡೆಯುತ್ತದೆ ಎಂಬುದನ್ನು ಇಷ್ಟು ಬಿಡಿಸಿ ತೋರಿಸಿದ ಕೃತಿಗಳು ಅಪರೂಪ.

ಮೊದಲು ಊರಿನ ಕತೆ. ಗುಡ್ಡದ ನೆತ್ತಿಯ ಮೇಲಿರುವ ಈ ಕೇರಿಯ ಹೆಸರು ‘ಬಾಟಮ್’, ಅಂದರೆ ತಗ್ಗು. ಗುಡ್ಡಕ್ಕೆ ತಗ್ಗು ಎಂಬ ಹೆಸರು ಹೇಗೆ ಬಂತು? ಬಿಳಿಯ ಒಡೆಯನೊಬ್ಬ ತನ್ನ ಗುಲಾಮನಿಗೆ, ಕಷ್ಟದ ಕೆಲಸವೊಂದನ್ನು ಮಾಡಿಕೊಟ್ಟರೆ ಬಿಡುಗಡೆಯನ್ನೂ ಹೊಳೆದಂಡೆಯ ಫಲವತ್ತಾದ ತಗ್ಗು ಭೂಮಿಯನ್ನೂ ಕೊಡುವೆನೆಂದು ಮಾತು ಕೊಟ್ಟನಂತೆ. ಕೆಲಸ ಮುಗಿದ ಮೇಲೆ ಬಿಡುಗಡೆಯನ್ನೇನೋ ಕೊಟ್ಟ, ಭೂಮಿ ಕೊಡಲು ಮನಸ್ಸಾಗಲಿಲ್ಲ. ಗುಡ್ಡ ತೋರಿಸಿ, ದೇವರು ಮೇಲಿನಿಂದ ನೋಡಿದರೆ ಅದೇ ಸ್ವರ್ಗದ ತಗ್ಗು ಎಂದ. ಹೀಗೆ ಮಣ್ಣು ಜಾರುವ, ಬಿತ್ತಿದ ಬೀಜ ಕೊಚ್ಚಿಹೋಗುವ ಗುಡ್ಡ ಕಪ್ಪು ಜನರ ಪಾಲಾಯಿತು; ಕೆಳಗಿನ ಹಸಿರು ಬಯಲು ಬಿಳಿಯರದಾಯಿತು. ಜನ ಇದನ್ನು ನಗೆಚಾಟಿಕೆಯಾಗಿ ಹೇಳಿಕೊಳ್ಳುತ್ತಾರೆ. ಮೋಸ ಹೋದವರು ಮೋಸವನ್ನು ನೆನೆದು ನಗಲು ಕಲಿತಿದ್ದಾರೆ. ಕಾದಂಬರಿಯ ಉದ್ದಕ್ಕೂ ಈ ನಗೆಯ ಹಿಂದಿನ ಗಾಯವನ್ನು ಮರೆಯುವಂತಿಲ್ಲ.

ಈ ಕೇರಿಯಲ್ಲಿ 1922ರಲ್ಲಿ ಹನ್ನೆರಡು ವರ್ಷದ ಇಬ್ಬರು ಹುಡುಗಿಯರು ಗೆಳತಿಯರಾಗುತ್ತಾರೆ. ಒಬ್ಬಳು ನೆಲ್ ರೈಟ್. ಅವಳ ತಾಯಿ ಹೆಲೀನ್ ಅತಿ ಮರ್ಯಾದಸ್ಥೆ. ಹೆಲೀನಳ ಸ್ವಂತ ತಾಯಿ ನ್ಯೂ ಆರ್ಲಿಯನ್ಸಿನ ವೇಶ್ಯೆ. ಆ ನೆರಳು ಮಗಳ ಮೇಲೆ ಬೀಳಬಾರದೆಂದು ಮನೆಯನ್ನು ಒಂದು ಧೂಳಿನ ಕಣ ಇಲ್ಲದಂತೆ, ಮಗಳನ್ನು ಒಂದು ತುಂಟತನ ಇಲ್ಲದಂತೆ ತಿಕ್ಕಿ ಇಟ್ಟಿದ್ದಾಳೆ. ಇನ್ನೊಬ್ಬಳು ಸೂಲಾ. ಅವಳ ಮನೆಯ ಯಜಮಾನಿ ಅಜ್ಜಿ ಈವಾ. ಗಂಡ ಬಿಟ್ಟುಹೋದಾಗ ಈವಾಳ ಕೈಯಲ್ಲಿ ಇದ್ದದ್ದು ಮೂರು ಮಕ್ಕಳು, ಒಂದು ಡಾಲರ್ 65 ಸೆಂಟು, ಐದು ಮೊಟ್ಟೆ, ಮೂರು ಬೀಟ್‌ರೂಟ್. ಮಕ್ಕಳನ್ನು ನೆರೆಯವಳ ಬಳಿ ಬಿಟ್ಟುಹೋದವಳು 18 ತಿಂಗಳ ಮೇಲೆ ಮರಳಿದಾಗ ಅವಳಿಗೆ ಒಂದು ಕಾಲಿರಲಿಲ್ಲ, ಆದರೆ ಹಣವಿತ್ತು. ಆ ಕಾಲನ್ನು ರೈಲಿಗೆ ಕೊಟ್ಟು ಪರಿಹಾರ ಪಡೆದಳೆಂದು ಊರ ಮಾತು. ಆ ಹಣದಿಂದ ಕಟ್ಟಿಸಿದ ಮನೆಯಲ್ಲಿ ಕೋಣೆಗಳಿಗೆ ಲೆಕ್ಕವಿಲ್ಲ, ಬಂದುಹೋಗುವವರಿಗೂ ಲೆಕ್ಕವಿಲ್ಲ. ಮಗಳು ಹ್ಯಾನಾ ವಿಧವೆ. ಊರಿನ ಗಂಡಸರೊಡನೆ ಅವಳ ಸಂಬಂಧ ಗುಟ್ಟಿನದಲ್ಲ.

ನೆಲ್‌ಗೆ ಸೂಲಾಳ ಮನೆಯ ಗದ್ದಲ ಇಷ್ಟ. ಸೂಲಾಳಿಗೆ ನೆಲ್‌ಳ ಮನೆಯ ಮೌನ ಇಷ್ಟ. ಅಲ್ಲಿನ ಕೆಂಪು ಮಖಮಲ್ಲಿನ ಸೋಫಾದ ಮೇಲೆ ಹತ್ತು ಇಪ್ಪತ್ತು ನಿಮಿಷ ಅಲುಗಾಡದೆ ಕೂರಬಲ್ಲಳು. ಇಬ್ಬರಿಗೂ ಒಂದು ಸಂಗತಿ ಬೇಗ ಅರ್ಥವಾಗಿದೆ. ತಾವು ಬಿಳಿಯರಲ್ಲ, ಗಂಡಸರೂ ಅಲ್ಲ. ಹೀಗಾಗಿ ಸ್ವಾತಂತ್ರ್ಯ, ಗೆಲುವು ಎಂಬುವು ತಮ್ಮ ಪಾಲಿಗೆ ಬರುವಂಥವಲ್ಲ. ಹಾಗಿದ್ದರೆ ತಾವು ಬೇರೆ ಏನಾದರೂ ಆಗಬೇಕು. ಅದು ಏನೆಂದು ಹೇಳಿಕೊಡುವವರಿಲ್ಲ. ಒಬ್ಬರಿಗೆ ಇನ್ನೊಬ್ಬರೇ ಕನ್ನಡಿ.

ಈ ಗೆಳೆತನಕ್ಕೆ ಒಂದು ಭೀಕರ ಗುಟ್ಟೂ ಸೇರಿಕೊಳ್ಳುತ್ತದೆ. ಹೊಳೆಯ ದಂಡೆಯಲ್ಲಿ ಪುಟ್ಟ ಹುಡುಗನೊಬ್ಬನನ್ನು ಸೂಲಾ ಕೈ ಹಿಡಿದು ಗಿರಗಿರನೆ ಸುತ್ತಿಸುತ್ತಾಳೆ. ಹುಡುಗ ಕೈಜಾರಿ ನೀರಿಗೆ ಬೀಳುತ್ತಾನೆ, ಮೇಲೇಳುವುದಿಲ್ಲ. ಇಬ್ಬರೂ ಯಾರಿಗೂ ಹೇಳುವುದಿಲ್ಲ. ಶವಸಂಸ್ಕಾರದಲ್ಲಿ ಸೂಲಾ ಅತ್ತು ಅತ್ತು ಸೋಲುತ್ತಾಳೆ. ನೆಲ್ ಶಾಂತಳಾಗಿ ನಿಂತಿರುತ್ತಾಳೆ. ಈ ಶಾಂತತೆಯನ್ನು ಓದುಗರು ಆಗ ಒಳ್ಳೆಯ ಹುಡುಗಿಯ ಸ್ಥೈರ್ಯವೆಂದೇ ತಿಳಿಯುತ್ತಾರೆ. ಅದರ ಲೆಕ್ಕ ಕಾದಂಬರಿಯ ಕೊನೆಯಲ್ಲಿ ಚುಕ್ತಾ ಆಗುತ್ತದೆ.

1927ರಲ್ಲಿ ನೆಲ್‌ಳ ಮದುವೆ. ವರ ಜೂಡ್, ಹೊಸ ಹೊಳೆರಸ್ತೆ ಕಟ್ಟುವ ಕೆಲಸಕ್ಕೆ ಆಸೆಪಟ್ಟವನು. ಗುದ್ದಲಿ ಹಿಡಿದು ದುಡಿಯುವ ತೋಳು ಅವನಿಗಿದೆ. ಆದರೆ ಗುತ್ತಿಗೆಯವರು ಆರಿಸಿಕೊಂಡದ್ದು ನರಪೇತಲ ಬಿಳಿ ಹುಡುಗರನ್ನು, ಗ್ರೀಕರನ್ನು, ಇಟಲಿಯವರನ್ನು. ಅವಮಾನಗೊಂಡ ಜೂಡ್‌ಗೆ ತನ್ನ ನೋವನ್ನು ಸವರುವ ಹೆಂಡತಿಯೊಬ್ಬಳು ಬೇಕಾಯಿತು. ಗಂಡಸು ಎನಿಸಿಕೊಳ್ಳಲು ಉದ್ಯೋಗ ಸಿಗದಿದ್ದಾಗ ಮದುವೆಯಾದರೂ ಆಗಬೇಕು! ಕಪ್ಪು ಗಂಡಸಿನ ಮೇಲಾದ ಅನ್ಯಾಯದ ಭಾರ ಕಪ್ಪು ಹೆಣ್ಣಿನ ಹೆಗಲಿಗೆ ಹೇಗೆ ವರ್ಗವಾಗುತ್ತದೆ ಎಂಬುದನ್ನು ಮಾರಿಸನ್ ಒಂದೆರಡು ಪುಟಗಳಲ್ಲಿ ಹೇಳಿಬಿಡುತ್ತಾರೆ. ಮದುವೆಯ ದಿನವೇ ಸೂಲಾ ಊರು ಬಿಟ್ಟು ಹೋಗುತ್ತಾಳೆ.

ಹತ್ತು ವರ್ಷದ ಮೇಲೆ, 1937ರಲ್ಲಿ, ಅವಳು ಮರಳುತ್ತಾಳೆ. ಕಾಲೇಜು ಓದಿದ್ದಾಳೆ, ದೊಡ್ಡ ನಗರಗಳನ್ನು ಸುತ್ತಿದ್ದಾಳೆ. ಅವಳು ಬರುವ ಹೊತ್ತಿಗೆ ಊರಿನ ತುಂಬ ರಾಬಿನ್ ಹಕ್ಕಿಗಳು ಬಂದಿಳಿದು ಸತ್ತುಬೀಳುತ್ತಿರುತ್ತವೆ. ಅಪಶಕುನಕ್ಕೆ ಹೆಸರು ಹುಡುಕುತ್ತಿದ್ದ ಜನಕ್ಕೆ ಹೆಸರು ಸಿಕ್ಕಿತು. ಆಮೇಲಿನದು ಪಟ್ಟಿ ಮಾಡಿದರೆ ಉದ್ದವಾಗುತ್ತದೆ: ಅಜ್ಜಿಯನ್ನು ವೃದ್ಧಾಶ್ರಮಕ್ಕೆ ಸೇರಿಸಿದಳು; ಮದುವೆ, ಮಕ್ಕಳು ಬೇಡವೆಂದಳು; ಚರ್ಚಿನ ಊಟದಲ್ಲಿ ತಟ್ಟೆಯನ್ನು ಕೆದಕಿದಳೇ ಹೊರತು ಅಡುಗೆ ಚೆನ್ನಾಗಿದೆಯೆಂದು ಹೇಳಲಿಲ್ಲ. ಎಲ್ಲಕ್ಕಿಂತ ದೊಡ್ಡದು, ಪ್ರಾಣದ ಗೆಳತಿಯ ಗಂಡನೊಡನೆ ಮಲಗಿದಳು. ಜೂಡ್ ಹೆಂಡತಿಯನ್ನೂ ಊರನ್ನೂ ಬಿಟ್ಟುಹೋದ. ನೆಲ್ ಮೂರು ಮಕ್ಕಳೊಡನೆ ಉಳಿದಳು.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಸೂಲಾಳ ತಾಯಿ ಹ್ಯಾನಾ ಕೂಡ ಪರರ ಗಂಡಂದಿರೊಡನೆ ಇದ್ದವಳೇ. ಅವಳ ಮೇಲೆ ಹೆಂಗಸರಿಗೆ ಸಿಟ್ಟಿತ್ತು, ಆದರೆ ದ್ವೇಷವಿರಲಿಲ್ಲ. ಹ್ಯಾನಾ ಅವರ ಗಂಡಂದಿರನ್ನು ಬಯಸಿದ್ದರಲ್ಲಿ ಅವರ ಆಯ್ಕೆಗೂ ಒಂದು ಮೆಚ್ಚುಗೆ ಇತ್ತಲ್ಲವೇ? ಸೂಲಾ ಒಮ್ಮೆ ಕರೆದು ಮರುದಿನ ಮರೆತಳು. ಅಂದರೆ ಊರು ಕ್ಷಮಿಸದೇ ಹೋದದ್ದು ಹಾದರವನ್ನಲ್ಲ. ಊರು ಯಾವುದನ್ನು ಬೆಲೆಯುಳ್ಳದ್ದೆಂದು ಎದೆಗಪ್ಪಿಕೊಂಡಿತ್ತೋ ಅದು ತನಗೆ ಬೇಡ ಎಂದ ಹೆಣ್ಣನ್ನು.

ಸೂಲಾಳ ಕಣ್ಣ ರೆಪ್ಪೆಯ ಮೇಲೆ ಹುಟ್ಟಿನಿಂದಲೇ ಬಂದ ಒಂದು ಮಚ್ಚೆಯಿದೆ. ಒಬ್ಬರಿಗೆ ಅದು ಕಾಂಡವಿರುವ ಗುಲಾಬಿಯಂತೆ ಕಾಣುತ್ತದೆ. ಜೂಡ್‌ಗೆ ವಿಷದ ಹಾವು. ಮೊದಲ ಮಹಾಯುದ್ಧದಿಂದ ಬುದ್ಧಿ ಕದಡಿ ಮರಳಿದ, ಮೀನು ಹಿಡಿದು ಬದುಕುವ ಶಾಡ್ರಾಕ್‌ಗೆ ಕಪ್ಪೆಮರಿ. ಊರವರಿಗೆ ಅದು ಹ್ಯಾನಾಳ ಬೂದಿ. ಏಕೆಂದರೆ ಹ್ಯಾನಾ ಬೆಂಕಿಗೆ ಸಿಕ್ಕಿ ಸಾಯುವಾಗ ಸೂಲಾ ನಿಂತು ನೋಡುತ್ತಿದ್ದಳು ಎಂಬ ಮಾತಿದೆ. ಮಚ್ಚೆ ಒಂದೇ, ನೋಡುವ ಕಣ್ಣುಗಳು ಬೇರೆ. ಸಮಾಜ ಒಬ್ಬರನ್ನು ಚಿತ್ರಿಸುವ ಬಗೆಯೇ ಇದು. ಚಿತ್ರದಲ್ಲಿ ಕಾಣುವುದು ಬಹುಪಾಲು ಚಿತ್ರಕಾರನ ಭಯ.

ಹಾಗಾದರೆ ಬಾಟಮ್‌ನ ಜನ ಅವಳನ್ನು ಓಡಿಸಿದರೇ, ಕಲ್ಲು ಹೊಡೆದರೇ? ಇಲ್ಲ. ನಮ್ಮ ‘ಘಟಶ್ರಾದ್ಧ’ ಕತೆಯನ್ನು ಅಥವಾ ಗಿರೀಶ ಕಾಸರವಳ್ಳಿ ಅವರ 1977ರ ಚಿತ್ರವನ್ನು ಬಲ್ಲವರಿಗೆ ಬಹಿಷ್ಕಾರವೆಂದರೆ ಮಂತ್ರಸಹಿತ ನಡೆಯುವ ವಿಧಿ, ಬದುಕಿರುವವಳನ್ನು ಸತ್ತವಳೆಂದು ಸಾರುವ ಕ್ರಿಯೆ. ಬಾಟಮ್‌ನಲ್ಲಿ ಅಂಥ ವಿಧಿಯಿಲ್ಲ. ಅಲ್ಲಿನವರು ರಾತ್ರಿ ಬಾಗಿಲಿಗೆ ಅಡ್ಡಲಾಗಿ ಪೊರಕೆ ಇಟ್ಟರು, ಮೆಟ್ಟಿಲಿಗೆ ಉಪ್ಪು ಚೆಲ್ಲಿದರು, ಅಷ್ಟೆ. ಕೆಡುಕು ಎಂಬುದು ಮಳೆ, ಬರ, ಜ್ವರಗಳ ಹಾಗೆ. ಅದನ್ನು ಕೊಲ್ಲಲಾಗದು, ತಾಳಿಕೊಂಡು ಬಾಳಬೇಕು ಎಂಬುದು ಅವರ ನಂಬಿಕೆ. ಅಷ್ಟು ಅನ್ಯಾಯಗಳನ್ನು ದಾಟಿ ಉಳಿದುಬಂದವರಿಗೆ ಇನ್ನಾವ ತತ್ವ ಒಗ್ಗೀತು? ಆದ್ದರಿಂದ ಅವರು ಸೂಲಾಳನ್ನು ಊರಲ್ಲೇ ಇಟ್ಟುಕೊಂಡು ಊರಿನಿಂದ ಹೊರಗಿಟ್ಟರು.

ಇಟ್ಟುಕೊಂಡದ್ದರಿಂದ ಊರಿಗೆ ಲಾಭವಾಯಿತು. ಟೀಪಾಟ್ ಎಂಬ ಐದು ವರ್ಷದ ಹುಡುಗನ ತಾಯಿ ಮಗನನ್ನು ಹಸಿದ ಹೊಟ್ಟೆಯಲ್ಲಿ ಬೀದಿಗೆ ಬಿಟ್ಟವಳು. ಹುಡುಗ ಸೂಲಾಳ ಮನೆಯ ಮೆಟ್ಟಿಲಿಂದ ಬಿದ್ದ. ಅವಳೇ ತಳ್ಳಿದಳು ಎಂದಾಯಿತು. ಅಂದಿನಿಂದ ಆ ತಾಯಿ ಕುಡಿಯುವುದನ್ನು ಬಿಟ್ಟು ಮಗನನ್ನು ಒಪ್ಪವಾಗಿ ನೋಡಿಕೊಂಡಳು. ಹೆಂಡಂದಿರು ಗಂಡಂದಿರನ್ನು ಮುದ್ದು ಮಾಡಿದರು. ಸೂಲಾ ಅಜ್ಜಿಯನ್ನು ಹೊರಗೆ ಹಾಕಿದಳೆಂದು, ಗೊಣಗುತ್ತಿದ್ದ ಸೊಸೆಯಂದಿರು ಅತ್ತೆಯಂದಿರ ಸೇವೆಗೆ ನಿಂತರು. ಹೊಸ ಮನೆ ಕಟ್ಟುವಾಗ ನಮ್ಮವರು ದೃಷ್ಟಿಬೊಂಬೆ ಕಟ್ಟುತ್ತಾರಲ್ಲ, ಹಾಗೆ. ಬೊಂಬೆ ವಿಕಾರವಾಗಿದ್ದಷ್ಟೂ ಮನೆ ಸುರಕ್ಷಿತ.

ಇಷ್ಟೆಂದಮಾತ್ರಕ್ಕೆ ಸೂಲಾ ನಿರಪರಾಧಿ ದೇವತೆಯಲ್ಲ. ಮಾರಿಸನ್ ಆ ಸುಲಭದ ದಾರಿ ಹಿಡಿಯಲಿಲ್ಲ. ಗೆಳತಿಗೆ ಬಗೆದ ದ್ರೋಹ ದ್ರೋಹವೇ. ನೆಲ್ ತನ್ನ ಇನ್ನೊಂದು ಅರ್ಧವೆಂದು ನಂಬಿದ್ದ ಸೂಲಾಳಿಗೆ, ಜೂಡ್‌ನ ವಿಷಯದಲ್ಲಿ ಅವಳು ಏಕೆ ಇಷ್ಟು ನೊಂದಳು ಎಂಬುದೇ ತಿಳಿಯುವುದಿಲ್ಲ. ಆದರೆ ಅವಳ ಅಲೆದಾಟಕ್ಕೆ ಕಾದಂಬರಿ ಒಂದು ಕಾರಣ ಕೊಡುತ್ತದೆ: ಕಲಾವಿದೆಯ ಚೈತನ್ಯವಿದ್ದೂ ಕೈಗೆ ಒಂದು ಕಲೆ ಸಿಗದೇ ಹೋದವಳು ಅವಳು. ಬಣ್ಣವಿಲ್ಲ, ಜೇಡಿಮಣ್ಣಿಲ್ಲ, ನೃತ್ಯದ ಪಾಠವಿಲ್ಲ. ಆ ಶಕ್ತಿಯೆಲ್ಲ ತನ್ನ ಬದುಕಿನ ಮೇಲೆ, ಸುತ್ತಲಿನವರ ಮೇಲೆ ಪ್ರಯೋಗವಾಯಿತು. ಆ ಕಾಲದ ಕಪ್ಪು ಹುಡುಗಿಗೆ ಕಲೆಯ ಬಾಗಿಲು ತೆರೆಯುವವರು ಯಾರಿದ್ದರು?

ಸೂಲಾ ಕಾಯಿಲೆ ಬಿದ್ದಾಗ ಮೂರು ವರ್ಷದ ಮೇಲೆ ನೆಲ್ ನೋಡಲು ಬರುತ್ತಾಳೆ. ಔಷಧ ತಂದುಕೊಡುತ್ತಾಳೆ, ಒಳ್ಳೆಯ ಹೆಂಗಸು ಮಾಡುವ ಕೆಲಸ ಅದು. ಹೊರಡುವಾಗ ಸೂಲಾ ಒಂದು ಪ್ರಶ್ನೆ ಕೇಳುತ್ತಾಳೆ. ನಮ್ಮಿಬ್ಬರಲ್ಲಿ ಒಳ್ಳೆಯವಳು ನೀನೇ ಎಂದು ನಿನಗೆ ಹೇಗೆ ಗೊತ್ತು? ಒಂದು ವೇಳೆ ಅದು ನಾನಾಗಿದ್ದರೆ? ನೆಲ್ ಉತ್ತರಿಸದೆ ಹೋಗುತ್ತಾಳೆ. ಸೂಲಾ ಸಾಯುತ್ತಾಳೆ. ಸಾಯುವಾಗಲೂ ಅವಳಿಗೆ ತೋಚುವುದು, ಸಾವು ನೋಯುವುದಿಲ್ಲ ಎಂಬ ಸಂಗತಿಯನ್ನು ನೆಲ್‌ಗೆ ಹೇಳಬೇಕು ಎಂದು.

ದೃಷ್ಟಿಬೊಂಬೆ ಬಿದ್ದ ಮೇಲೆ ಊರು ಏನಾಯಿತು? ಟೀಪಾಟನ ತಾಯಿ ಮತ್ತೆ ಅವನನ್ನು ಬಡಿಯತೊಡಗಿದಳು. ಸೊಸೆಯಂದಿರ ಗೊಣಗಾಟ ಮರಳಿತು. ಗಂಡಂದಿರ ಮುದ್ದು ನಿಂತಿತು. ಹೊಳೆಯ ಕೆಳಗೆ ಸುರಂಗ ಕೊರೆಯುವ ಕೆಲಸ ಕಪ್ಪು ಜನರಿಗೂ ಸಿಗುತ್ತದೆಂಬ ಮಾತು ಮಾತಾಗಿಯೇ ಉಳಿಯಿತು. ಚಳಿಗಾಲ ಕಡುವಾಯಿತು. ಈ ಊರಿನಲ್ಲಿ 1920ರಿಂದ ಪ್ರತಿ ಜನವರಿ 3ರಂದು ಶಾಡ್ರಾಕ್ ಗಂಟೆ ಬಾರಿಸುತ್ತ, ಉರುಳು ಹಗ್ಗ ಹಿಡಿದು ‘ರಾಷ್ಟ್ರೀಯ ಆತ್ಮಹತ್ಯಾ ದಿನ’ ಆಚರಿಸುತ್ತಿದ್ದ. ಸಾವಿನ ಭಯಕ್ಕೆ ವರ್ಷದಲ್ಲಿ ಒಂದು ದಿನ ಮೀಸಲಿಟ್ಟರೆ ಉಳಿದ ದಿನಗಳು ನಿರಾತಂಕ ಎಂಬುದು ಅವನ ಲೆಕ್ಕ. ಯಾರೂ ಅವನ ಹಿಂದೆ ಹೋಗುತ್ತಿರಲಿಲ್ಲ. 1941ರ ಜನವರಿ 3ರಂದು ಜನ ನಗುತ್ತ, ಕುಣಿಯುತ್ತ ಅವನ ಹಿಂದೆ ನಡೆದರು. ಮೆರವಣಿಗೆ ಸುರಂಗದ ಬಳಿಗೆ ಬಂತು. ತಮ್ಮ ಕೈಗೆ ಸಿಗದ ಕೆಲಸವನ್ನು ಕಂಡು ರೊಚ್ಚಿಗೆದ್ದು ಅದನ್ನು ಒಡೆಯಲು ಒಳನುಗ್ಗಿದರು. ಸುರಂಗ ಕುಸಿಯಿತು. ಎಷ್ಟೋ ಜನ ಅಲ್ಲೇ ಸತ್ತರು.

ಕಾದಂಬರಿಯ ತಿರುಳು ಇಲ್ಲಿದೆ. ಊರಿಗೆ ನಿಜವಾಗಿ ಪೆಟ್ಟು ಕೊಟ್ಟವಳು ಸೂಲಾ ಅಲ್ಲ. ಭೂಮಿಯ ಮೋಸ, ಕೆಲಸದ ಮೋಸ. ಆ ಪೆಟ್ಟಿಗೆ ಉತ್ತರ ಕೊಡಲಾಗದ ಜನ ಕೈಗೆಟುಕುವ ಒಬ್ಬ ಹೆಣ್ಣಿನ ಮೇಲೆ ತಮ್ಮ ಸಿಟ್ಟನ್ನೆಲ್ಲ ಇಳಿಸಿಟ್ಟಿದ್ದರು. ಅವಳು ಹೋದ ಮೇಲೆ ಅದನ್ನು ಇಳಿಸಲು ಜಾಗವಿರಲಿಲ್ಲ. ಹೀಗೆ ಹೇಳುವಾಗ ಮಾರಿಸನ್ ತಮ್ಮ ಜನರನ್ನು ಹಳಿಯುತ್ತಿಲ್ಲ. ನೊಂದವರೂ ನೋಯಿಸುತ್ತಾರೆ ಎಂಬ ಕಹಿ ಸತ್ಯವನ್ನು ಅವರು ಒಳಗಿನವರಾಗಿ ಹೇಳುತ್ತಿದ್ದಾರೆ.

ಹಾಗೆ ಒಳಗಿನಿಂದ ಹೇಳುವುದು ಆಗ ಸುಲಭವಿರಲಿಲ್ಲ. ಅಮೆರಿಕದ ಕತೆಗಳಲ್ಲಿ, ಸಿನಿಮಾಗಳಲ್ಲಿ ಕಪ್ಪು ಹೆಣ್ಣಿಗೆ ಇದ್ದದ್ದು ಒಂದೆರಡು ಅಚ್ಚುಗಳು ಮಾತ್ರ: ಬಿಳಿಯರ ಮಕ್ಕಳನ್ನು ಸಾಕುವ ದಪ್ಪನೆಯ ದಾದಿ, ಇಲ್ಲವೇ ಸಡಿಲ ನಡತೆಯವಳು. ಸೂಲಾ ಕಾದಂಬರಿಯಲ್ಲಿ ಸಾಯುವ ಅದೇ 1940ರಲ್ಲಿ, ‘ಗಾನ್ ವಿತ್ ದ ವಿಂಡ್’ ಚಿತ್ರದ ದಾದಿಯ ಪಾತ್ರಕ್ಕೆ ಹ್ಯಾಟೀ ಮೆಕ್‌ಡೇನಿಯಲ್ ಆಸ್ಕರ್ ಪಡೆದರು. ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ಕಲಾವಿದೆ. ಆದರೆ ಆ ಸಮಾರಂಭದಲ್ಲಿ ಅವರನ್ನು ಕೂರಿಸಿದ್ದು ಚಿತ್ರತಂಡದಿಂದ ದೂರ, ಗೋಡೆಯ ಬದಿಯ ಮೇಜಿನಲ್ಲಿ. ಇಂಥ ಅಚ್ಚುಗಳಿಗೆ ಉತ್ತರವಾಗಿ ಆದರ್ಶ ನಾರಿಯನ್ನು ಚಿತ್ರಿಸಬೇಕೆಂಬ ಒತ್ತಡ ಕಪ್ಪು ಲೇಖಕರ ಮೇಲಿತ್ತು. ಮಾರಿಸನ್ ಎರಡನ್ನೂ ಒಪ್ಪಲಿಲ್ಲ. 1973ರ ‘ನ್ಯೂಯಾರ್ಕ್ ಟೈಮ್ಸ್’ ವಿಮರ್ಶೆಯೊಂದು, ಇಷ್ಟು ಪ್ರತಿಭೆಯುಳ್ಳವರು ಕಪ್ಪು ಜನರ ಸಣ್ಣ ಊರುಗಳ ಬದುಕಿಗೆ ಮಾತ್ರ ಅಂಟಿಕೊಳ್ಳಬಾರದೆಂಬ ಧಾಟಿಯ ಬುದ್ಧಿವಾದ ಹೇಳಿತು. ಬಿಳಿಯರ ಸಣ್ಣ ಊರುಗಳನ್ನು ಬರೆದವರಿಗೆ ಈ ಬುದ್ಧಿವಾದ ಯಾರೂ ಹೇಳಿರಲಿಲ್ಲ. ಮಾರಿಸನ್ ಅವರೋ 1988ರ ಉಪನ್ಯಾಸವೊಂದರಲ್ಲಿ, ‘ಸೂಲಾ’ದ ಆರಂಭದಲ್ಲಿ ಹೊರಗಿನ ಓದುಗರಿಗಾಗಿ ಊರಿನ ಪರಿಚಯದ ಹಜಾರವೊಂದನ್ನು ಕಟ್ಟಿದ್ದಕ್ಕೇ ಸಂಕೋಚಪಟ್ಟರು. ತಮ್ಮ ಜನರಿಗೆ ಬೇಡದ ಆ ಹಜಾರ ಯಾರಿಗಾಗಿ ಎಂಬುದು ಅವರ ಪ್ರಶ್ನೆ.

ಎರಡು ಹೆಣ್ಣುಗಳ ಗೆಳೆತನವನ್ನೇ ಕಾದಂಬರಿಯ ನಡುಗಂಬವಾಗಿ ನಿಲ್ಲಿಸಿದ್ದೂ ಹೊಸತೇ. ಹೆಂಗಸರ ಕತೆಯೆಂದರೆ ಗಂಡ, ಪ್ರಿಯಕರ, ಮಕ್ಕಳ ಕತೆ ಎಂಬ ರೂಢಿ ಇತ್ತು. 1977ರಲ್ಲಿ ವಿಮರ್ಶಕಿ ಬಾರ್ಬರಾ ಸ್ಮಿತ್ ಇದನ್ನು ಸಲಿಂಗ ಪ್ರೇಮದ ನೆಲೆಯಿಂದಲೂ ಓದಬಹುದೆಂದು ವಾದಿಸಿದರು, ಮಾರಿಸನ್ ಒಪ್ಪಲಿಲ್ಲ. ಚರ್ಚೆ ಬೆಳೆಯಿತು. ಆ ಚರ್ಚೆಯೇ ಒಂದು ಸಂಗತಿಯನ್ನು ತೋರಿಸುತ್ತದೆ: ಹೆಣ್ಣಿಗೆ ಹೆಣ್ಣು ಇಷ್ಟು ಮುಖ್ಯವಾಗುವ ಸಂಬಂಧಕ್ಕೆ ಸಿದ್ಧವಾದ ಹೆಸರು ಯಾರ ಬಳಿಯೂ ಇರಲಿಲ್ಲ.

ಕೊನೆಯ ಅಧ್ಯಾಯ 1965ರದು. ನೆಲ್‌ಗೆ ಈಗ ಐವತ್ತೈದು. ಬಿಳಿಯರಿಗೆ ಈಗ ಗುಡ್ಡ ಬೇಕಾಗಿದೆ, ಗಾಲ್ಫ್ ಮೈದಾನಕ್ಕೆ, ಬಂಗಲೆಗಳಿಗೆ. ಕಪ್ಪು ಜನ ಕೆಳಗಿಳಿಯುತ್ತಿದ್ದಾರೆ. ನೆಲ್ ವೃದ್ಧಾಶ್ರಮದಲ್ಲಿರುವ ಈವಾಳನ್ನು ಕಾಣಲು ಹೋಗುತ್ತಾಳೆ. ಮುದುಕಿ ನೇರವಾಗಿ ಕೇಳಿಬಿಡುತ್ತಾಳೆ, ಆ ಹುಡುಗನನ್ನು ಹೇಗೆ ಕೊಂದೆ ಎಂದು. ತಾನಲ್ಲ, ಸೂಲಾ ಎಂದು ನೆಲ್ ಗಾಬರಿಯಾಗುತ್ತಾಳೆ. ನೀನಾದರೇನು, ಅವಳಾದರೇನು, ನೀನು ನೋಡುತ್ತಿದ್ದೆಯಲ್ಲ ಎಂಬುದು ಈವಾಳ ಉತ್ತರ. ಹೊರಬಂದ ನೆಲ್‌ಗೆ ಹೊಳೆದಂಡೆಯ ಆ ಗಳಿಗೆ ನೆನಪಾಗುತ್ತದೆ. ಹುಡುಗನ ಕೈ ಜಾರಿದಾಗ ಅವಳಿಗೆ ಒಳಗೊಳಗೇ ಹಿತವಾಗಿತ್ತು. ನಲವತ್ತು ವರ್ಷದಿಂದ ಸ್ಥೈರ್ಯವೆಂದು ತಾನು ನಂಬಿದ್ದು ಆ ಹಿತದ ನಂತರದ ನೆಮ್ಮದಿ. ಸೂಲಾ ಕೇಳಿದ್ದ ಪ್ರಶ್ನೆಗೆ ಉತ್ತರ ತಡವಾಗಿ ಸಿಕ್ಕಿತು.

ಅವಳು ಸೂಲಾಳ ಸಮಾಧಿಯ ಬಳಿಗೆ ಹೋಗುತ್ತಾಳೆ. ಮರಳುವ ದಾರಿಯಲ್ಲಿ, ಮರಗಳ ನಡುವೆ, ಅವಳಿಗೆ ಇನ್ನೊಂದು ಅರಿವಾಗುತ್ತದೆ. ಇಷ್ಟು ವರ್ಷ ಎದೆಯಲ್ಲಿ ಭಾರವಾಗಿ ಕೂತಿದ್ದದ್ದು ಜೂಡ್‌ನ ಅಗಲಿಕೆ ಎಂದು ಅವಳು ತಿಳಿದಿದ್ದಳು. ಅಲ್ಲ, ಅದು ಸೂಲಾಳ ಅಗಲಿಕೆ. ಗಂಡನಿಗಾಗಿ ಅಳುವುದನ್ನು ಊರು ಕಲಿಸಿತ್ತು; ಗೆಳತಿಗಾಗಿ ಅಳುವುದನ್ನು ಯಾರೂ ಕಲಿಸಿರಲಿಲ್ಲ. ಅಂದು, ಇಪ್ಪತ್ತೈದು ವರ್ಷ ತಡವಾಗಿ, ನೆಲ್ ಬಾಯಿ ಬಿಟ್ಟು ಅತ್ತಳು. ಸೂಲಾಳ ಸಾವಿನಂದು ಆ ಊರಿನಲ್ಲಿ ಕೇಳದೇ ಹೋಗಿದ್ದ ಅಳು ಅದು.